ಮುಖ ಆಮೇಲೆ, ಮೊದಲು ಮಣ್ಣು ನೋಡಿ: ಕಲಬುರಗಿ ಸೀಮೆಯ ರಸ್ತೆ ಬದಿಯ ಹಳೆ ಫೋಟೋಗಳು

ನಮ್ಮ ಕಡೆಯ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಆಗಾಗ ಒಂದು ಫೋಟೋ ಓಡಾಡುತ್ತದೆ. ಕಪ್ಪು-ಬಿಳುಪು. ಒಂದು ಬೇವಿನ ಮರ, ಅದರ ಕೆಳಗೆ ನಾಲ್ಕೈದು ಜೋಪಡಿ, ಮುಂದೆ ಕೂತ ಹೆಂಗಸರು, ಬರಿಮೈ ಮಕ್ಕಳು, ಪಕ್ಕದಲ್ಲಿ ಕಟ್ಟಿದ ಎತ್ತು. ಕೆಳಗೆ ಯಾರೋ ಬರೆದಿರುತ್ತಾರೆ: ‘ನೂರು ವರ್ಷದ ಹಿಂದಿನ ಗುಲಬರ್ಗಾ, ಅಲೆಮಾರಿ ಜನ’. ಹತ್ತು ಮಂದಿ ಕೈ ಮುಗಿಯುವ ಚಿತ್ರ ಹಾಕುತ್ತಾರೆ, ಒಬ್ಬರು ‘ಎಂಥಾ ಕಾಲ’ ಅಂತಾರೆ. ಅಲ್ಲಿಗೆ ಮುಗಿಯಿತು.

ಗುಲಬರ್ಗಾದಲ್ಲಿ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ನೂರು ವರ್ಷ ಅಂತ ಲೆಕ್ಕ ಹಾಕಿದ್ದು ಯಾರು? ಆ ಜನ ಅಲೆಮಾರಿಗಳೇ ಅಂತ ಗೊತ್ತಾದದ್ದು ಹೇಗೆ? ರಸ್ತೆ ಬದಿ ಕೂತಿದ್ದಾರೆ, ಬಡವರ ಹಾಗೆ ಕಾಣುತ್ತಾರೆ, ಹಾಗಾಗಿ ಅಲೆಮಾರಿಗಳು. ಇಷ್ಟೇ ನಮ್ಮ ತರ್ಕ.

ನಾನು ಹೇಳುವುದು ಇದು: ನಮ್ಮ ಸೀಮೆಯ ಇಂಥ ಫೋಟೋಗಳಲ್ಲಿರುವ ಜನ ಸುಮ್ನೆ ಅಲ್ಲಿ ಬಂದು ಕೂತವರಲ್ಲ. ರಸ್ತೆಗೆ ಖಡಿ (ಜಲ್ಲಿಕಲ್ಲು) ಬೇಕಿತ್ತು, ಕೆರೆಗೆ ಏರಿ ಬೇಕಿತ್ತು, ಹೊಲಕ್ಕೆ ಕುಡಗೋಲು ಬೇಕಿತ್ತು, ಸಂತೆಗೆ ಉಪ್ಪು ಬೇಕಿತ್ತು. ಆ ಕೆಲಸ ಎಲ್ಲಿತ್ತೋ ಅಲ್ಲಿ ಅವರಿದ್ದರು. ಆದ್ದರಿಂದ ಫೋಟೋ ಕೈಗೆ ಬಂದಾಗ ಮುಖ, ಉಡುಪು, ಜಾತಿ ಅಂತ ಹೋಗುವ ಮೊದಲು ನೆಲ, ಕಲ್ಲು, ಗಿಡ, ಸಾಮಾನು ನೋಡಬೇಕು.

ಊರು ಯಾವುದು ಅಂತ ಕಲ್ಲೇ ಹೇಳುತ್ತದೆ

ಕಲಬುರಗಿ, ಬೀದರ್, ಯಾದಗಿರಿ ಮೂರೂ ಒಂದೇ ಸೀಮೆ ಅಂತ ನಾವು ಹೇಳುತ್ತೇವೆ. ನೆಲದ ಅಡಿಯಲ್ಲಿ ಮಾತ್ರ ಮೂರೂ ಬೇರೆ ಬೇರೆ. ಬೀದರ್ ಪಟ್ಟಣ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಕೋಟೆಯ ಸುತ್ತಲಿನ ಮೂರು ಸಾಲಿನ ಕಂದಕವನ್ನು ಅದೇ ಕಲ್ಲಿನಲ್ಲಿ ಕೊರೆದಿದ್ದಾರೆ. ಕಪ್ಪು-ಬಿಳುಪು ಫೋಟೋದಲ್ಲಿ ಕೆಂಪು ಕಾಣುವುದಿಲ್ಲ ನಿಜ. ಆದರೆ ಜಂಬಿಟ್ಟಿಗೆಯ ಮೈತುಂಬ ತೂತು ಇರುತ್ತವೆ, ಗೋಡೆ ಹತ್ತಿರದಿಂದ ಸಿಕ್ಕಿದ್ದರೆ ಅದು ಬಚ್ಚಿಡಲು ಆಗದ ಗುರುತು.

ಕಲಬುರಗಿ, ಆಳಂದ ಕಡೆ ಬಂದರೆ ಕರಿಕಲ್ಲು, ಎರೆಮಣ್ಣು. ಬೇಸಿಗೆಯಲ್ಲಿ ಎರೆಹೊಲ ಬಿರುಕು ಬಿಡುತ್ತದೆ, ಆ ಬಿರುಕು ಫೋಟೋದಲ್ಲಿ ಚೆನ್ನಾಗಿ ಬೀಳುತ್ತದೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ಹೋದರೆ ಸುಣ್ಣಕಲ್ಲಿನ ಪದರ. ಅಲ್ಲಿ ಎಲ್ಲವೂ ಫರ್ಸಿ, ಅಂದರೆ ಹಲಗೆಯಂತೆ ಸೀಳಿದ ಕಲ್ಲು. ಮನೆ ನೆಲ ಫರ್ಸಿ, ಮಾಳಿಗೆ ಫರ್ಸಿ, ಹೊಲದ ಬೇಲಿಗೂ ಉದ್ದುದ್ದ ಫರ್ಸಿ ನಿಲ್ಲಿಸಿರುತ್ತಾರೆ. ಹಿಂದೆ ಎಲ್ಲೋ ಮಸುಕಾಗಿ ಸಾಲಾಗಿ ನಿಂತ ಕಲ್ಲಿನ ಹಲಗೆಗಳು ಕಂಡರೆ ಆ ಫೋಟೋ ಬೀದರಿನದು ಅಂತ ನನಗೆ ಯಾರೂ ನಂಬಿಸಲಾರರು. ಯಾದಗಿರಿ, ಸುರಪುರ ಕಡೆಯದಾದರೆ ದುಂಡು ದುಂಡು ಬಂಡೆಯ ಗುಡ್ಡ ಎಲ್ಲಾದರೂ ಒಂದು ಮೂಲೆಯಲ್ಲಿ ಇಣುಕಿಯೇ ಇಣುಕುತ್ತದೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟ ಹಿಂದೆ ಬಿದ್ದಿದ್ದರಂತೂ ಫೋಟೋ ತೆಗೆದವನು ಯಾವ ದಿಕ್ಕಿಗೆ ನಿಂತಿದ್ದ ಅಂತ ಕೂಡ ಹೇಳಬಹುದು. ಊರು ಬೆಳೆಯುತ್ತದೆ, ಮರ ಬೀಳುತ್ತದೆ, ಗುಡ್ಡದ ನೆತ್ತಿ ಸುಲಭಕ್ಕೆ ಬದಲಾಗುವುದಿಲ್ಲ.

ಎತ್ತೂ ಸಹಾಯಕ್ಕೆ ಬರುತ್ತದೆ. ಬಿಳಿ ಮೈ, ಕಪ್ಪು ಮುಖ, ಅಥವಾ ಮೈಮೇಲೆ ದೊಡ್ಡ ದೊಡ್ಡ ಕಪ್ಪು ಮಚ್ಚೆ ಇದ್ದರೆ ಅದು ದೇವಣಿ. ಬೀದರ್ ಮತ್ತು ಅದಕ್ಕೆ ಅಂಟಿಕೊಂಡ ಮರಾಠವಾಡ ಆ ತಳಿಯ ತವರು. ಸಂತೆಯಲ್ಲಿ ಮಾರಾಟವಾಗಿ ದೂರ ಹೋಗಿರಬಹುದು ಅನ್ನಿ, ಆದರೂ ಒಂದು ಸುಳಿವು.

ಕಾಲ ಯಾವುದು?

ಇಲ್ಲಿ ಜನ ಹೆಚ್ಚು ಎಡವುತ್ತಾರೆ. ಕಪ್ಪು-ಬಿಳುಪು ಕಂಡ ಕೂಡಲೇ ‘ನಿಜಾಮನ ಕಾಲ’ ಅಂದುಬಿಡುತ್ತಾರೆ. ನಮ್ಮ ಊರಿನ ಸ್ಟುಡಿಯೋಗಳಲ್ಲಿ 1980ರವರೆಗೂ ಕಪ್ಪು-ಬಿಳುಪು ಫೋಟೋ ತೆಗೆಯುತ್ತಿದ್ದರು, ಅಲ್ವಾ?

ಫೋಟೋ ಹಿಂದೆ ಉರ್ದುವಿನಲ್ಲಿ ಇಸವಿ ಬರೆದಿದ್ದರೆ ಸ್ವಲ್ಪ ಜೋಕೆ. ನಿಜಾಮ್ ಸಂಸ್ಥಾನದ ಕಚೇರಿಗಳು ನಡೆಯುತ್ತಿದ್ದದ್ದು ಫಸಲಿ ಇಸವಿಯಲ್ಲಿ, ಅಂದರೆ ಕಂದಾಯದ ಲೆಕ್ಕದ ವರ್ಷದಲ್ಲಿ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ. ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು, ಹಾಗಾಗಿ 1357 ಫಸಲಿ ಅಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರಿನವರೆಗೆ. ಆದರೆ ಮನೆಮಾತಿನಲ್ಲಿ, ದರ್ಗಾದ ಲೆಕ್ಕದಲ್ಲಿ ಹಿಜರಿಯೂ ನಡೆಯುತ್ತಿತ್ತು. ಬರೀ 1342 ಅಂತ ಇದ್ದರೆ ಏನು ಮಾಡುತ್ತೀರಿ? ಫಸಲಿಯಾದರೆ ಅದು 1932-33. ಹಿಜರಿಯಾದರೆ 1923-24. ಒಂಬತ್ತು ವರ್ಷದ ಅಂತರ. ಅಂಕಿಯ ಪಕ್ಕದಲ್ಲಿ ಉರ್ದುವಿನ ‘ಫೇ’ ಅಕ್ಷರ ಇದ್ದರೆ ಫಸಲಿ, ‘ಹೇ’ ಇದ್ದರೆ ಹಿಜರಿ. ತಿಂಗಳ ಹೆಸರಿದ್ದರೆ ಇನ್ನೂ ಸುಲಭ. ಬಹಮನ್, ತೀರ್, ಮೆಹರ್ ಅಂತಿದ್ದರೆ ಫಸಲಿ. ರಜಬ್, ಶಾಬಾನ್ ಅಂತಿದ್ದರೆ ಹಿಜರಿ. ಉರ್ದು ಓದಲು ಬರುವ ಹಿರಿಯರು ಪಕ್ಕದ ಓಣಿಯಲ್ಲೇ ಇರುತ್ತಾರೆ, ಕೇಳಬೇಕಷ್ಟೆ.

ಹಿಂದೆ ಏನೂ ಬರೆದಿಲ್ಲ ಅನ್ನೋಣ. ಆಗ ಫೋಟೋ ಒಳಗಿರುವ ಒಂದೊಂದು ವಸ್ತುವಿಗೂ ‘ನೀನು ಇಲ್ಲಿಗೆ ಬಂದದ್ದು ಯಾವಾಗ?’ ಅಂತ ಕೇಳಬೇಕು. ತೀರಾ ತಡವಾಗಿ ಬಂದ ವಸ್ತು ಯಾವುದೋ, ಫೋಟೋ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ನನಗೆ ಇಷ್ಟವಾದ ಸಾಕ್ಷಿ ಕಾಂಗ್ರೆಸ್ ಕಸ. ರಸ್ತೆ ಬದಿ ಸಣ್ಣ ಬಿಳಿ ಹೂವಿನ ಆ ಕಳೆ ಇದೆಯಲ್ಲ, ಅದನ್ನು ನಮ್ಮ ದೇಶದಲ್ಲಿ ಗುರುತಿಸಿದ್ದು ಪುಣೆಯಲ್ಲಿ, 1955-56ರ ಸುಮಾರಿಗೆ. ಅಲ್ಲಿಂದ ಇಲ್ಲಿಗೆ ಬರಲು ಇನ್ನಷ್ಟು ಸಮಯ ಹಿಡಿದಿರುತ್ತದೆ. ಜೋಪಡಿಯ ಪಕ್ಕದಲ್ಲಿ ಕಾಂಗ್ರೆಸ್ ಕಸ ಬೆಳೆದಿದ್ದರೆ ಆ ಫೋಟೋಗೂ ನಿಜಾಮನಿಗೂ ಸಂಬಂಧವಿಲ್ಲ. ಬಳ್ಳಾರಿ ಜಾಲಿ ದಟ್ಟವಾಗಿದ್ದರೂ ಹೆಚ್ಚು ಕಡಿಮೆ ಅದೇ ಮಾತು. ಪ್ಲಾಸ್ಟಿಕ್ ಕೊಡ ಕಂಡರೆ ಬಿಡಿ, ವಾದವೇ ಬೇಡ.

ಮೈಲಿಗಲ್ಲಿನ ಮೇಲೆ ಉರ್ದು ಅಂಕಿ ಇದ್ದರೆ ಸಂಸ್ಥಾನದ ಕಾಲದಲ್ಲಿ ನೆಟ್ಟ ಕಲ್ಲು. ಕಿಲೋಮೀಟರ್ ಇದ್ದರೆ 1956ರಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂದ ನಂತರದ್ದು. ಬಸ್ಸು ಕಂಡರೆ 1932 ನೆನಪಿಡಿ. ಆ ವರ್ಷ ನಿಜಾಮ್ ಸ್ಟೇಟ್ ರೈಲ್ವೆಯವರೇ 27 ಬಸ್ಸುಗಳಿಂದ ಸರ್ಕಾರಿ ಬಸ್ ಸಂಚಾರ ಶುರು ಮಾಡಿದರು. ವಾಹನದ ನಂಬರಿನಲ್ಲಿ ‘ಕೆಎ’ ಅಂತಿದ್ದರೆ 1989ಕ್ಕಿಂತ ಹಿಂದಿನದಲ್ಲ. ‘ಕೆಎ 33’ ಇದ್ದರೆ ಅದು ಯಾದಗಿರಿ. ಆ ಜಿಲ್ಲೆ ಕಲಬುರಗಿಯಿಂದ ಬೇರೆಯಾದದ್ದು 2009ರ ಡಿಸೆಂಬರ್ ಕೊನೆಗೆ.

ಒಡವೆ, ಸೀರೆ, ರುಮಾಲು ನೋಡಿ ಕಾಲ ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅಜ್ಜಿಯ ಒಡವೆ ಮೊಮ್ಮಗಳ ಮೈಮೇಲೆ ಇರುತ್ತದೆ. ಲಂಬಾಣಿ ಹೆಂಗಸಿನ ಕಾಂಚಳಿಗೆ (ಕುಪ್ಪಸಕ್ಕೆ) ಹೊಲಿದ ನಾಣ್ಯದಲ್ಲಿ ಚಾರ್ಮಿನಾರ್ ಕಂಡರೆ ಅದು ಹಾಲಿ ಸಿಕ್ಕಾ, ನಿಜಾಮನ ಸಂಸ್ಥಾನದ ಸ್ವಂತ ನಾಣ್ಯ. ಚಾರ್ಮಿನಾರ್ ಗುರುತಿನ ನಾಣ್ಯ ಬಂದದ್ದು 20ನೇ ಶತಮಾನದ ಶುರುವಿನಲ್ಲಿ. ಹಾಗಾಗಿ ಫೋಟೋ ಅದರ ನಂತರದ್ದು ಅನ್ನಬಹುದು. ಎಷ್ಟು ನಂತರ? ಹಾಲಿ ಸಿಕ್ಕಾ ಚಲಾವಣೆ ನಿಂತು ದಶಕಗಳಾದ ಮೇಲೂ ಆ ನಾಣ್ಯಗಳು ಕಾಂಚಳಿಯಲ್ಲಿ ಕುಣಿಯುತ್ತಲೇ ಇದ್ದವು.

ಖಡಿ ಗುಂಪಿಯ ಫೋಟೋ

ಒಂದು ಫೋಟೋ ಹಿಡಿದು ಪೂರ್ತಿ ಓದೋಣ. ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದ ಪರಿಚಯದವರೊಬ್ಬರ ಮನೆಯ ಆಲ್ಬಮ್ಮಿನದು. ರಸ್ತೆ ಬದಿ ಹತ್ತಾರು ಜನ ಸಾಲಾಗಿ ಕೂತಿದ್ದಾರೆ. ಹೆಚ್ಚಿನವರು ಹೆಂಗಸರು. ಹಿಂದೆ ಚಾದರ ಕಟ್ಟಿ ಮಾಡಿದ ನೆರಳು, ಒಳಗೆ ತೊಟ್ಟಿಲಲ್ಲಿ ಒಂದು ಕೂಸು. ಹಿಂದೆ ಏನೂ ಬರೆದಿಲ್ಲ. ಅವರ ಮನೆಯ ಮಕ್ಕಳು ಇದನ್ನು ‘ವಡ್ಡರ ಕ್ಯಾಂಪ್’ ಅಂತ ಕರೆಯುತ್ತಿದ್ದರು.

ಮುಂದೆ ಕೂತ ಹೆಂಗಸಿನ ಕೈ ನೋಡಿ. ಬಲಗೈಯಲ್ಲಿ ಸಣ್ಣ ಸುತ್ತಿಗೆ. ಎಡಗೈಯಲ್ಲಿ ಒಂದು ಬಳೆಯಂಥದ್ದು, ಅದರ ನಡುವೆ ಕಲ್ಲು. ಕಲ್ಲು ಒಡೆದಾಗ ಚೂರು ಸಿಡಿದು ಕಣ್ಣಿಗೆ ಹೋಗದ ಹಾಗೆ, ಬೆರಳು ಜಜ್ಜದ ಹಾಗೆ ಹೀಗೆ ಬಳೆಯೊಳಗೆ ಕಲ್ಲಿಟ್ಟು ಹೊಡೆಯುತ್ತಾರೆ. ಹಗ್ಗದ ಸಿಂಬೆಯಾದರೆ ಉರುಟಾಗಿ, ನಾರು ನಾರಾಗಿ ಕಾಣಬೇಕು. ಇದು ಚಪ್ಪಟೆ, ಒಂದೇ ದಪ್ಪ. ಹಳೆ ಟೈರು ಕೊಯ್ದು ಮಾಡಿದ್ದು. ಅಂದರೆ ಬಿಸಾಡುವಷ್ಟು ಟೈರುಗಳು ಸಿಗುತ್ತಿದ್ದ ಕಾಲ, ಲಾರಿಗಳು ಓಡಾಡುತ್ತಿದ್ದ ರಸ್ತೆ.

ಇನ್ನು ಖಡಿಯ ಗುಂಪಿ. ಸುಮ್ನೆ ಸುರಿದ ರಾಶಿಯಾದರೆ ಗೋಪುರದ ಹಾಗೆ ಚೂಪಾಗಿರಬೇಕು. ಇಲ್ಲಿ ಪ್ರತಿ ಗುಂಪಿಯೂ ಮೇಲೆ ಮಟ್ಟಸ, ಬದಿ ಇಳಿಜಾರು, ಎಲ್ಲವೂ ಒಂದೇ ಎತ್ತರ. ಕಾರಣ ಕೂಲಿ. ಖಡಿ ಅಳೆಯುವುದು ಬ್ರಾಸ್ ಲೆಕ್ಕದಲ್ಲಿ. ಒಂದು ಬ್ರಾಸ್ ಅಂದರೆ ನೂರು ಘನ ಅಡಿ. ಅಳತೆ ಪಟ್ಟಿ ಹಿಡಿದವನು ಬಂದು ಉದ್ದ, ಅಗಲ, ಎತ್ತರ ಬರೆದುಕೊಂಡು ಹೋಗುವ ತನಕ ದುಡ್ಡಿಲ್ಲ. ಸೇಡಂ ರಸ್ತೆಯ ಕಡೆ ಚಿಕ್ಕಂದಿನಲ್ಲಿ ಈ ಕೆಲಸ ಮಾಡಿದ ಒಬ್ಬ ಅಜ್ಜಿಗೆ ಈ ಫೋಟೋ ತೋರಿಸಿದೆ. ಮುಖಗಳ ಕಡೆ ಅವರು ನೋಡಲೇ ಇಲ್ಲ. “ಗುಂಪಿ ಅಳತಿಗಿ ಕಟ್ಯಾರ ನೋಡ್ರಿ. ಅಳತಿ ಆಗೋ ತನಕಾ ಯಾರೂ ಮುಟ್ಟಂಗಿಲ್ಲ” ಅಂದರು. ಆಮೇಲೆ ತಾವಾಗಿಯೇ, “ಕೆಂಪ ಜ್ವಾಳ ತಿಂದ ವರ್ಷ ನಾವೂ ಹಿಂಗೇ ಕುಂತೀವಿ” ಅಂದರು.

ಕೆಂಪು ಜೋಳ ಅಂದರೆ ಮಿಲೋ. 1972ರ ಬರಗಾಲದ ಹೊತ್ತಿಗೆ ಹೊರದೇಶದಿಂದ ತರಿಸಿ ಹಂಚಿದ ಜೋಳ. ಬಿಳಿಜೋಳ ಉಂಡು ಬೆಳೆದ ನಮ್ಮ ಜನಕ್ಕೆ ಅದನ್ನು ರೊಟ್ಟಿ ಮಾಡಿ ತಿನ್ನುವುದೇ ಒಂದು ಶಿಕ್ಷೆಯಾಗಿತ್ತು, ಅದಕ್ಕೇ ನೆನಪು ಉಳಿದಿದೆ. ಹಿರಿಯರು ಇಸವಿ ಹೇಳುವುದಿಲ್ಲ. ರಜಾಕಾರರ ಗಲಾಟೆ, ಪ್ಲೇಗು, ಕೆಂಪು ಜೋಳ, ಹೀಗೆ ಹೇಳುತ್ತಾರೆ. ಆ ಬರಗಾಲದಲ್ಲಿ ಮಹಾರಾಷ್ಟ್ರದಲ್ಲಿಯೂ ನಮ್ಮ ಉತ್ತರದ ಜಿಲ್ಲೆಗಳಲ್ಲಿಯೂ ರಸ್ತೆ, ಕೆರೆ ಕಾಮಗಾರಿ ತೆರೆದು ಕೂಲಿ ಕೊಟ್ಟರು. ಓವರ್‌ಸಿಯರ್ ಸಾಹೇಬರ ನೌಕರಿಯ ವರ್ಷಗಳೂ ಅದಕ್ಕೆ ಹೊಂದುತ್ತವೆ. ಫೋಟೋದ ಅಂಚಿನಲ್ಲಿ ಅರ್ಧ ಬಿದ್ದ ಕಿಲೋಮೀಟರ್ ಕಲ್ಲೂ ಹೊಂದುತ್ತದೆ.

ಈಗ ಆ ‘ವಡ್ಡರ ಕ್ಯಾಂಪ್’ ಎಂಬ ಹೆಸರಿಗೆ ಬನ್ನಿ. ಬರಗಾಲದ ಕಾಮಗಾರಿಗೆ ಬಂದವರು ಸುತ್ತಲಿನ ಹಳ್ಳಿಗಳ ಒಕ್ಕಲು ಜನ, ಕೂಲಿ ಜನ, ನೇಕಾರರು, ಯಾರು ಬೇಕಾದರೂ ಆಗಿರಬಹುದು. ಎರಡು ಎಕರೆ, ನಾಲ್ಕು ಎಕರೆ ಹೊಲ ಇದ್ದವರೂ ಸುತ್ತಿಗೆ ಹಿಡಿದರು. ಫೋಟೋದಲ್ಲಿರುವ ಸುತ್ತಿಗೆ ಹಿಡಿಯುವ ರೀತಿ ನೋಡಿ ಅಜ್ಜಿ ಇನ್ನೊಂದು ಮಾತು ಅಂದರು: ಇಬ್ಬರು ಮಾತ್ರ ಪಳಗಿದ ಕೈ, ಉಳಿದವರು ಹೊಸಬರು. ಕಲ್ಲು ಕೆಲಸವೇ ಕಸುಬಾದವರು ಚಾಣ, ಘನ, ಹಾರಿ ಇಟ್ಟುಕೊಂಡಿರುತ್ತಾರೆ. ಇಲ್ಲಿ ಅವು ಒಂದೂ ಇಲ್ಲ. ರಸ್ತೆ ಬದಿಯ ಚಾದರದ ನೆರಳು ಕಂಡು ‘ಅಲೆಮಾರಿ’ ಅಂದವರು ತಮ್ಮ ಅಜ್ಜಿಯನ್ನೇ ಹಾಗೆ ಕರೆದಿರಬಹುದು.

ವಡ್ಡರ ನಿಜವಾದ ಫೋಟೋ ಬೇರೆಯೇ ಇರುತ್ತದೆ. ಕಲ್ಲು ವಡ್ಡರು, ಮಣ್ಣು ವಡ್ಡರು ಅಂತ ಕಸುಬಿನಲ್ಲಿಯೇ ವಿಂಗಡಣೆ ಇದೆ. ಮಣ್ಣು ಕೆಲಸದ ಫೋಟೋದಲ್ಲಿ ಕತ್ತೆಗಳಿರುತ್ತವೆ, ಬುಟ್ಟಿ, ಗುದ್ದಲಿ ಇರುತ್ತವೆ. ಅಗೆದ ಹೊಂಡದ ನಡುನಡುವೆ ಆಳೆತ್ತರದ ಮಣ್ಣಿನ ಗುಡ್ಡೆಗಳು ಒಂಟಿಯಾಗಿ ನಿಂತಿರುತ್ತವೆ, ಅದರ ನೆತ್ತಿಯ ಮೇಲೆ ಹುಲ್ಲು ಹಾಗೇ ಇರುತ್ತದೆ. ಗೊತ್ತಿಲ್ಲದವರು ಇವನ್ನು ಹುತ್ತ ಅಂತಾರೆ, ಸಮಾಧಿ ಅಂತಲೂ ಅಂತಾರೆ. ಎಷ್ಟು ಆಳ ಅಗೆದಿದ್ದಾರೆ ಅಂತ ಅಳೆಯಲು ಬೇಕೆಂದೇ ಬಿಟ್ಟ ಗುಡ್ಡೆಗಳು ಅವು. ಹುಲ್ಲಿರುವ ನೆತ್ತಿ ಮೊದಲಿನ ನೆಲ. ಅಲ್ಲಿಂದ ಕೆಳಗಿನವರೆಗೆ ಅಳೆದರೆ ಕೂಲಿಯ ಲೆಕ್ಕ. ಅಳತೆ ಮುಗಿದ ಮೇಲೆ ಅದನ್ನೂ ಒಡೆಯುತ್ತಾರೆ. ಆದ್ದರಿಂದ ಗುಡ್ಡೆ ನಿಂತಿರುವ ಫೋಟೋ ಅಂದರೆ ಅಳತೆ ಇನ್ನೂ ಮುಗಿದಿರಲಿಲ್ಲ ಅಂತಲೇ ಅರ್ಥ.

ರೈಲು ಬಂತು, ಹೇರೆತ್ತು ನಿಂತಿತು

ಲಂಬಾಣಿಗರ ಫೋಟೋಗಳು ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಕನ್ನಡಿ ಹೊಲಿದ ಫೇಟಿಯಾ (ಲಂಗ), ಛಾಂಟಿಯಾ (ತಲೆಯ ಮೇಲಿನ ಸೆರಗು), ಮೊಣಕೈ ಮೇಲಿನವರೆಗೆ ಬಿಳಿ ಬಳೆ. ಕ್ಯಾಮೆರಾ ಹಿಡಿದವರಿಗೆ ಇದಕ್ಕಿಂತ ಬೇರೆ ಬೇಕೇ? ಆದರೆ ಆ ಉಡುಪಿನ ಗದ್ದಲದಲ್ಲಿ ಮುಖ್ಯ ಪ್ರಶ್ನೆ ಕಳೆದುಹೋಗುತ್ತದೆ: ತಾಂಡಾ ಆ ಜಾಗದಲ್ಲೇ ಯಾಕಿದೆ?

ಲಂಬಾಣಿಗರು, ಅಂದರೆ ಬಂಜಾರರು, ಸಾಗಣೆಯ ಜನ. ಹೇರೆತ್ತುಗಳ ಮೇಲೆ ಗೋಣಿ ಹೊರಿಸಿ ಕರಾವಳಿಯಿಂದ ಉಪ್ಪು ತರುವುದು, ಇಲ್ಲಿಂದ ಕಾಳುಕಡಿ ಒಯ್ಯುವುದು ಅವರ ಕಸುಬು. ದಖ್ಖನಿಗೆ ಬಂದ ಮೊಗಲರ ಸೇನೆಗೆ ಧಾನ್ಯ ಒದಗಿಸಿದವರೂ ಅವರೇ. ಚಕ್ಕಡಿ ಹೋಗದ ದಾರಿಯಲ್ಲಿ ಹೇರೆತ್ತು ಹೋಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಕೆಸರಾದರೆ ದನಕರು ಸಮೇತ ಒಂದೇ ಕಡೆ ಬೀಡು.

ಅಷ್ಟರಲ್ಲಿ ರೈಲು ಬಂತು. ಮುಂಬೈಯಿಂದ ಹೊರಟ ಹಳಿ ಸೊಲ್ಲಾಪುರ ದಾಟಿ ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ ಮೇಲೆ ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಸೇರಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮನ ರೈಲು. ಸಾವಿರ ಎತ್ತು ಹೊರುವ ಉಪ್ಪನ್ನು ಒಂದೇ ರೈಲಿನಲ್ಲಿ ತುಂಬಿ ತಂದು ಸ್ಟೇಷನ್ನಿನಲ್ಲಿ ಇಳಿಸಿದ ಮೇಲೆ ಹೇರೆತ್ತಿಗೆ ಏನು ಕೆಲಸ? ಕೆಲವರು ದನ ಕಟ್ಟಿದರು, ಕೆಲವರು ಕಟ್ಟಿಗೆ ಮಾರಿದರು, ಕೆಲವರು ಹೊಲಗೆಲಸಕ್ಕೆ ಇಳಿದರು. ಖಣಿ ಶುರುವಾದ ಶಹಾಬಾದ್, ಚಿತ್ತಾಪುರ ಕಡೆ ಹಲವರು ಫರ್ಸಿ ಕೆಲಸಕ್ಕೆ ಹೋದರು. ಬೀದರ್ ಕಡೆ ಕಥೆ ಸ್ವಲ್ಪ ನಿಧಾನ. ಬೀದರಿನಿಂದ ಕಲಬುರಗಿಗೆ ನೇರ ರೈಲು ಓಡಿದ್ದು 2017ರಲ್ಲಿ. ಅಲ್ಲಿಯವರೆಗೆ ಹುಮನಾಬಾದಿನ ಮೇಲಿನ ರಸ್ತೆಯೇ ಗತಿ. ಆ ದಾರಿಯ ಫೋಟೋಗಳಲ್ಲಿ ಬಂಡಿ, ಕತ್ತೆ, ಹೇರೆತ್ತು ಇಷ್ಟು ತಡವಾಗಿಯೂ ಯಾಕೆ ಕಾಣುತ್ತವೆ ಅಂತ ಕೇಳುವವರಿಗೆ ಇದೇ ಉತ್ತರ.

ಹೀಗೆ ನೆಲೆ ನಿಂತ ತಾಂಡಾಗಳಿಗೆ ಕಾಗದದಲ್ಲಿ ನೆಲೆ ಇರಲಿಲ್ಲ. ಎಷ್ಟೋ ತಾಂಡಾಗಳು ಕಂದಾಯ ಗ್ರಾಮವೇ ಅಲ್ಲ, ಮನೆಗೆ ಹಕ್ಕುಪತ್ರವಿಲ್ಲ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಬಂದು ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದು ನೆನಪಿರಬಹುದು. 150 ವರ್ಷದ ಹಿಂದಿನ ಹಳಿಗೂ ಆ ಕಾಗದಕ್ಕೂ ನೇರ ನಂಟಿದೆ. ಇನ್ನೊಂದು ತಮಾಷೆ ನೋಡಿ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರು ಭಾಗವಾಯಿತು. ಒಂದೇ ಬಳಗದ ಅಣ್ಣತಮ್ಮಂದಿರು ಗಡಿಯ ಮೂರು ಕಡೆ ಬಿದ್ದರು. ಈಗ ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. 1940ರ ಒಂದು ಫೋಟೋಗೆ ಇಂದಿನ ಸರ್ಕಾರಿ ಪಟ್ಟಿಯ ಹೆಸರು ಅಂಟಿಸಿದರೆ ಎಂಥ ಗೊಂದಲ ಅಂತ ಇದರಿಂದ ತಿಳಿಯುತ್ತದೆ.

ಉಳಿದವರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬಂಡಿ, ತಿದಿ, ನೆಲದಲ್ಲಿ ಹೂತ ಅಡಿಗಲ್ಲು ಕಂಡರೆ ಘಿಸಾಡಿಗಳು, ಬೈಲ ಕಮ್ಮಾರರು. ಸುಗ್ಗಿಯ ಮುಂಚೆ ಊರೂರಿಗೆ ಬಂದು ಕುಡಗೋಲು, ಕೊಡಲಿ ತಟ್ಟಿ ಕೊಡುತ್ತಿದ್ದರು. ಹಾಗಾಗಿ ಹಿಂದಿನ ಹೊಲದಲ್ಲಿ ಜೋಳ ತೆನೆ ಬಿಟ್ಟಿದ್ದರೆ ಆಶ್ಚರ್ಯವಿಲ್ಲ. ತಲೆಮೇಲೆ ದೇವಿಯ ಪೆಟ್ಟಿಗೆ, ಕೈಯಲ್ಲಿ ಚಾಟಿ ಇದ್ದರೆ ದುರುಗಮುರುಗಿಯವರು. ಎತ್ತಿನ ಮೇಲೆ ಕೂತು ಗಂಟೆ ಹಿಡಿದು ಬಂದವರು ಹೆಳವರು. ಇವರನ್ನು ಫೋಟೋದಲ್ಲಿ ನೋಡಿ ಸುಮ್ಮನಾಗಬೇಡಿ. ನಿಮ್ಮ ಮನೆತನದ ಏಳೆಂಟು ತಲೆಮಾರಿನ ಹೆಸರು ಹೇಳುವವರು ಅವರು. ಯಾವ ಊರಿನಿಂದ ಯಾವ ಊರಿಗೆ ವಲಸೆ ಬಂದಿರಿ ಅಂತಲೂ ಹೇಳುತ್ತಾರೆ. ಹಳೆ ಫೋಟೋದಲ್ಲಿರುವ ನಿಮ್ಮ ಮುತ್ತಜ್ಜನ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ ಮನೆಗೆ ಬರುವ ಹೆಳವರಿಗೆ ಗೊತ್ತಿರುವ ಸಾಧ್ಯತೆ ಜಾಸ್ತಿ.

ಕ್ಯಾಮೆರಾ ಯಾರ ಕೈಯಲ್ಲಿತ್ತು?

ಫೋಟೋದಲ್ಲಿ ಕಾಣದ ಒಬ್ಬ ಮನುಷ್ಯ ಇರುತ್ತಾನೆ. ಅವನು ಯಾಕೆ ಬಂದಿದ್ದ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಹೈದರಾಬಾದ್ ಸಂಸ್ಥಾನದ ಫೋಟೋ ಅಂದರೆ ಮೊದಲು ಬರುವ ಹೆಸರು ಲಾಲಾ ದೀನ್ ದಯಾಳ್. ಮೀರತ್ ಹತ್ತಿರದ ಸರ್ಧಾನಾದವರು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ದೀನ್ ದಯಾಳರಿಗೆ ಆಸ್ಥಾನದ ಫೋಟೋಗ್ರಾಫರ್ ಹುದ್ದೆ, ಬಿರುದು ಎರಡೂ ಕೊಟ್ಟ. 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ಅವರ 2,800ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಅರಮನೆ, ಬೇಟೆ, ವೈಸ್‌ರಾಯ್ ಭೇಟಿ, ಸ್ಮಾರಕ ಇವೇ ಆಸ್ಥಾನದ ಕೆಲಸ. ರಸ್ತೆ ಬದಿಯ ಜನ ಅಲ್ಲಿ ಅಂಚಿಗೆ ಬೀಳುತ್ತಾರೆ.

ಸ್ಮಾರಕದ ಫೋಟೋಗಳಲ್ಲೂ ಹಾಗೆಯೇ. 1914ರಲ್ಲಿ ಹೈದರಾಬಾದಿನ ಪುರಾತತ್ವ ಇಲಾಖೆ ಶುರುವಾಗಿ ಗುಲಾಂ ಯಜ್ದಾನಿ ಅದರ ಮುಖ್ಯಸ್ಥರಾದರು. ಬೀದರಿನ ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು ಶಿಸ್ತಾಗಿ ದಾಖಲಾದದ್ದು ಅವರ ಕಾಲದಲ್ಲಿ. ಇಂಥ ಫೋಟೋಗಳಲ್ಲಿ ಕಮಾನಿನ ಎತ್ತರ ತಿಳಿಯಲಿ ಅಂತ ಪಕ್ಕದಲ್ಲಿ ಒಬ್ಬನನ್ನು ನಿಲ್ಲಿಸುವ ರೂಢಿ ಇತ್ತು. ಅವನು ಅಳತೆಗೋಲು. ಅವನ ಹೆಸರು ಬೇಕಾಗಿರಲಿಲ್ಲ. ನನಗಂತೂ ಗುಮ್ಮಟಕ್ಕಿಂತ ಅವನ ಕಾಲಿನ ಚಪ್ಪಲಿ, ಹೆಗಲ ಕಂಬಳಿ ನೋಡುವುದೇ ಹೆಚ್ಚು ರುಚಿ.

ಇನ್ನೊಂದು ಬಗೆಯ ಫೋಟೋ ಇದೆ. 1857ರ ದಂಗೆಯ ನಂತರ ಬ್ರಿಟಿಷರಿಗೆ ಈ ದೇಶದ ಜನರನ್ನೆಲ್ಲ ಜಾತಿ, ಬುಡಕಟ್ಟು ಅಂತ ವಿಂಗಡಿಸಿ ಗುರುತು ಹಾಕಿಕೊಳ್ಳಬೇಕಿತ್ತು. 1868ರಿಂದ 1875ರ ನಡುವೆ ಎಂಟು ಸಂಪುಟಗಳ ಫೋಟೋ ಸಂಗ್ರಹ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ಟಿಪ್ಪಣಿ ಬರೆದವರಲ್ಲಿ ಒಬ್ಬ ಮೆಡೋಸ್ ಟೇಲರ್. ಹೌದು, ನಮ್ಮ ಸುರಪುರದ ಟೇಲರ್ ಮಂಜಿಲ್‌ನ ಟೇಲರ್. ಬಾಲಕ ರಾಜಾ ವೆಂಕಟಪ್ಪ ನಾಯಕನ ಕಾಲದಲ್ಲಿ 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡವನು. ಇಂಥ ಸಂಗ್ರಹಗಳಲ್ಲಿ ಒಬ್ಬ ಮನುಷ್ಯನ ಫೋಟೋ ಇಡೀ ಜಾತಿಯ ಮಾದರಿಯಾಗುತ್ತದೆ. ಕೆಳಗಿನ ಎರಡು ಸಾಲಿನಲ್ಲಿ ‘ಇವರು ಕಳ್ಳರು’, ‘ಇವರು ಸೋಮಾರಿಗಳು’ ಅನ್ನುವ ತೀರ್ಪು.

ಆ ತೀರ್ಪು ಪುಸ್ತಕದಲ್ಲಿ ಉಳಿಯಲಿಲ್ಲ. 1871ರಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಹುಟ್ಟಿದ ತಪ್ಪಿಗೇ ಕೆಲವು ಸಮುದಾಯಗಳನ್ನು ಪೊಲೀಸ್ ದಫ್ತರಕ್ಕೆ ಸೇರಿಸಿತು. ಪಕ್ಕದ ಸೊಲ್ಲಾಪುರ, ಬಿಜಾಪುರಗಳಲ್ಲಿ ಅವರನ್ನು ಕೂಡಿಟ್ಟ ಮುಳ್ಳುತಂತಿಯ ಸೆಟಲ್‌ಮೆಂಟ್‌ಗಳಿದ್ದವು. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಆದ್ದರಿಂದ 1952ಕ್ಕಿಂತ ಹಿಂದಿನ ಒಂದು ಫೋಟೋದಲ್ಲಿ ಜನ ಸಾಲಾಗಿ, ಬಿಗಿಯಾಗಿ, ಎದೆಯ ಮುಂದೆ ಸಂಖ್ಯೆ ಹಿಡಿದು ನಿಂತಿದ್ದರೆ ಅದನ್ನು ‘ಅಪರೂಪದ ಚಿತ್ರ’ ಅಂತ ಹಂಚುವ ಮುಂಚೆ ನಿಲ್ಲಿ. ಅದು ಅವರು ಬಯಸಿ ತೆಗೆಸಿಕೊಂಡದ್ದಲ್ಲ. ಅವರ ಮೊಮ್ಮಕ್ಕಳು ಇಂದು ನಿಮ್ಮ ಊರಿನಲ್ಲಿಯೇ ಇರಬಹುದು.

ಬಿಗಿಯಾಗಿ ನಿಂತವರೆಲ್ಲ ಹೆದರಿ ನಿಂತವರು ಅಂತಲೂ ಅಲ್ಲ. 19ನೇ ಶತಮಾನದ ಕ್ಯಾಮೆರಾಕ್ಕೆ ಬೆಳಕು ಹೆಚ್ಚು ಹೊತ್ತು ಬೇಕಿತ್ತು. ಅಲ್ಲಾಡಿದರೆ ಮುಖ ಕಲಸಿಹೋಗುತ್ತದೆ. ಎತ್ತಿನ ಬಾಲ, ಕೂಸಿನ ತಲೆ ಮಸುಕಾಗಿ, ದೊಡ್ಡವರು ಮಾತ್ರ ಕಂಬದ ಹಾಗೆ ಸ್ಪಷ್ಟವಾಗಿ ಇದ್ದರೆ ಕಾರಣ ಅದೇ.

ಇದಕ್ಕೆಲ್ಲ ತದ್ವಿರುದ್ಧ ಜಾತ್ರೆಯ ಸ್ಟುಡಿಯೋ. ಶರಣಬಸವೇಶ್ವರ ಜಾತ್ರೆಯಲ್ಲೋ, ಬಂದೇ ನವಾಜರ ಉರುಸಿನಲ್ಲೋ ಬಟ್ಟೆಯ ಪರದೆ, ಬಣ್ಣದಲ್ಲಿ ಬರೆದ ತಾಜಮಹಲು, ರಟ್ಟಿನ ಮೋಟಾರು. ಅಲ್ಲಿ ದುಡ್ಡು ಕೊಟ್ಟು, ತಲೆ ಬಾಚಿಕೊಂಡು, ಬೇಕಾದ ಹಾಗೆ ನಿಂತವರು ಇದೇ ರಸ್ತೆ ಬದಿಯ ಜನ. ಖಣಿಯಲ್ಲಿ ವಾರವೆಲ್ಲ ದೂಳು ತಿಂದವನು ಇಲ್ಲಿ ಕೈಗಡಿಯಾರ ಕಾಣುವ ಹಾಗೆ ಮುಂಗೈ ಎತ್ತಿ ಕೂತಿರುತ್ತಾನೆ. ಗಡಿಯಾರ ಸ್ಟುಡಿಯೋದವರದೇ ಆಗಿರುತ್ತಿತ್ತು ಅನ್ನುವುದು ಬೇರೆ ಮಾತು. ಸರ್ಕಾರಿ ಫೋಟೋ ಒಂದು, ಜಾತ್ರೆ ಫೋಟೋ ಒಂದು ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದೇ ಸಮುದಾಯ ಎರಡು ಬಗೆಯಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ನಂಬಿಕೆಗೆ ಯೋಗ್ಯ, ಗಡಿಯಾರ ಸುಳ್ಳಾದರೂ.

ಇನ್ನು 1948ರ ಸೆಪ್ಟೆಂಬರಿನ, ನಿಜಾಮನ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಫೋಟೋಗಳು. ಮೇಜರ್ ಜನರಲ್ ಜೆ.ಎನ್. ಚೌಧರಿ ನೇತೃತ್ವದ ಸೇನೆ ಸೊಲ್ಲಾಪುರ ಕಡೆಯಿಂದ ಬಂದದ್ದು ನಮ್ಮದೇ ರಸ್ತೆಯಲ್ಲಿ. ಉಮರ್ಗಾ, ರಾಜೇಶ್ವರ, ಹುಮನಾಬಾದ್, ಜಹೀರಾಬಾದ್. ಟ್ಯಾಂಕು, ಜೀಪು ಎಲ್ಲರೂ ನೋಡುತ್ತಾರೆ. ಬದಿಯಲ್ಲಿ ಮರದ ಕೆಳಗೆ ಗಂಟುಮೂಟೆ ಹಿಡಿದು ನಿಂತವರು ಕಂಡರೆ ಅವರು ಸ್ವಾಗತಕ್ಕೆ ಬಂದವರೋ, ಊರು ಬಿಟ್ಟು ಹೊರಟವರೋ ಅಂತ ಬರೀ ಚಿತ್ರ ನೋಡಿ ಹೇಳಬಾರದು. ಆ ವಾರಗಳಲ್ಲಿ ಈ ರಸ್ತೆಯ ಮೇಲೆ ಎರಡೂ ಬಗೆಯ ಜನ ಇದ್ದರು.

ನಿಮ್ಮ ಟ್ರಂಕಿನಲ್ಲಿರುವ ಫೋಟೋ

ಸ್ಕ್ಯಾನ್ ಮಾಡುವಾಗ ಹಿಂಭಾಗವನ್ನೂ ಮಾಡಿ. ಮೊಹರು, ಪೆನ್ಸಿಲ್ ಗುರುತು, ಹರಿದ ಅಂಚು ಎಲ್ಲ ಹಿಂದೆಯೇ ಇರುತ್ತವೆ. ದಪ್ಪ ರಟ್ಟಿಗೆ ಅಂಟಿಸಿದ ತೆಳು, ಕಂದು ಬಣ್ಣದ ಚಿತ್ರವಾದರೆ ಬಹುಶಃ 1900ಕ್ಕಿಂತ ಹಿಂದಿನದು. ಅದನ್ನು ರಟ್ಟಿನಿಂದ ಕೀಳಲು ಹೋಗಬೇಡಿ. ಮೊಬೈಲಿನಲ್ಲಿ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ, ಹಿಂದಿನ ಗುಡ್ಡ, ಕಲ್ಲಿನ ಅಂಕಿ ಮೊದಲು ಅಳಿಸುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ.

ತಾಂಡಾದ ಫೋಟೋ ಇದ್ದರೆ ಅಲ್ಲಿನ ನಾಯಕ್‌ಗೆ, ಕಾರಭಾರಿಗೆ ತೋರಿಸಿ. ಖಣಿಯದಾದರೆ ಖಣಿಯ ಹಳಬರಿಗೆ. ‘ಇವರು ಯಾರು?’ ಅಂತ ಕೇಳುವುದಕ್ಕಿಂತ ‘ಇಲ್ಲಿ ಏನು ಕೆಲಸ ನಡೀತಿದೆ?’ ಅಂತ ಕೇಳಿ. ಮೊದಲ ಪ್ರಶ್ನೆಗೆ ಸಂಕೋಚ ಬರುತ್ತದೆ, ಎರಡನೆಯದಕ್ಕೆ ಮಾತು ಬರುತ್ತದೆ. ಅವರು ಹೇಳಿದ್ದನ್ನು ಮೆತ್ತನೆಯ ಪೆನ್ಸಿಲಿನಲ್ಲಿ ಹಿಂದೆ ಬರೆಯಿರಿ, ಹೇಳಿದವರ ಹೆಸರು, ಬರೆದ ದಿನ ಸಮೇತ. ಬಾಲ್ ಪೆನ್ ಬೇಡ, ಒತ್ತು ಮುಂದಿನ ಬದಿಗೆ ಮೂಡುತ್ತದೆ. ಮತ್ತು ಜಾತಿಯ ಹೆಸರು ಗೊತ್ತಾದರೂ ಫೇಸ್‌ಬುಕ್ಕಿಗೆ ಹಾಕುವಾಗ ಅದನ್ನು ಮೊದಲ ಸಾಲಿನಲ್ಲಿ ಇಡಬೇಡಿ. ‘ಶಹಾಬಾದ್ ಕಡೆ, ಫರ್ಸಿ ಖಣಿ, 1960ರ ನಂತರ’ ಅಂತ ಹಾಕಿ ನೋಡಿ, ಕಾಮೆಂಟಿನಲ್ಲಿ ಕೈ ಮುಗಿಯುವವರ ಬದಲು ಆ ಖಣಿ ಯಾರದು, ಯಾವ ಕಡೆಯದು ಅಂತ ಜಗಳ ಆಡುವವರು ಬರುತ್ತಾರೆ.